ಕೆಳಗಿನ ಗೇಟಿನ ನೀರು

ಮಾವ ಮನೆಯ ನೀರು ಕುಡಿಯುವುದನ್ನು ನಿಲ್ಲಿಸಿದ್ದು ಒಂದು ಮಂಗಳವಾರ ಬೆಳಿಗ್ಗೆ. ಲೋಟವನ್ನು ಬಾಯಿಯ ತನಕ ಒಯ್ದರು, ಅಲ್ಲೇ ತಡೆದರು, ಹಾಗೆಯೇ ಮೇಜಿನ ಮೇಲಿಟ್ಟರು.

"ಇದರಲ್ಲಿ ಏನೋ ಇದೆ," ಅಂದರು.

ಸೊಸೆ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದಳು. ಕೈಯಲ್ಲಿ ಮಗಳ ಜಡೆ, ಹಲ್ಲಿನ ನಡುವೆ ರಬ್ಬರ್ ಬ್ಯಾಂಡು. "ಏನಿದೆ ಮಾವ?"

"ಸೌತೆಕಾಯಿ ಸಿಪ್ಪೆ ವಾಸನೆ. ಅದರ ಹಿಂದೆ ಮೀನು. ಮೀನು ಇನ್ನೂ ದೂರದಲ್ಲಿದೆ. ಬರ್ತಾ ಇದೆ."

ಬೇರೆ ಯಾರಾದರೂ ಹೇಳಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಆದರೆ ಊರಿಗೆಲ್ಲ ನೀರು ಕಳಿಸುವ ಕೆರೆಯ ಪರೀಕ್ಷಾ ಕೊಠಡಿಯಲ್ಲಿ ಹದಿಮೂರು ವರ್ಷದಿಂದ ಇದ್ದವಳು ಅವಳು. ಈ ನಲ್ಲಿಯಲ್ಲಿ ಬರುವ ಒಂದೊಂದು ಹನಿಯೂ ಒಂದು ರೀತಿಯಲ್ಲಿ ಅವಳ ಕೈ ದಾಟಿಯೇ ಬರುತ್ತಿತ್ತು. ಅದರಲ್ಲಿ ವಾಸನೆ ಅಂದರೆ ಅವಳ ಅಡುಗೆಯಲ್ಲಿ ಕೂದಲು ಅಂದ ಹಾಗೆ. "ನಿನ್ನೆ ತಾನೇ ಪರೀಕ್ಷೆ ಮಾಡಿದ್ದೀನಿ. ಎಲ್ಲ ಸರಿಯಾಗಿದೆ," ಅಂದಳು. ಜಡೆ ಸ್ವಲ್ಪ ಬಿಗಿಯಾಯಿತು. ಮಗಳು "ಅಮ್ಮಾ" ಎಂದು ರಾಗ ಎಳೆದಳು.

ಮಾವ ಎದ್ದು ನಡೆಯತೊಡಗಿದರು. ಬಾಗಿಲಿಂದ ಅಡುಗೆಮನೆಗೆ ಹದಿನಾಲ್ಕು ಹೆಜ್ಜೆ, ಅಲ್ಲಿಂದ ಮತ್ತೆ ಬಾಗಿಲಿಗೆ ಹದಿನಾಲ್ಕು ಹೆಜ್ಜೆ. ಅತ್ತೆ ತೀರಿಕೊಂಡ ಮೇಲೆ ಮಗನ ಮನೆಗೆ ಬಂದು ಎರಡು ವರ್ಷವಾಗಿತ್ತು. ಅಂದಿನಿಂದ ಅವರು ಒಂದು ಕಡೆ ಕೂತವರಲ್ಲ. ಮೊಮ್ಮಗಳು ಅವರಿಗೆ ಲೆಫ್ಟ್‌ರೈಟ್ ತಾತ ಎಂದು ಹೆಸರಿಟ್ಟಿದ್ದಳು. ಮೂವತ್ತೆರಡು ವರ್ಷ ಸೋಪಿನ ಕಾರ್ಖಾನೆಯಲ್ಲಿ ದುಡಿದಿದ್ದರು. ಅಚ್ಚಿಗೆ ಹೋಗುವ ಮೊದಲು ಪ್ರತಿ ಪಾಕವನ್ನೂ ಮೂಸಿ ನೋಡಿ, ಸರಿ ಅಥವಾ ತಪ್ಪು ಎಂದು ಒಂದು ಮಾತಲ್ಲಿ ಹೇಳುವುದು ಅವರ ಕೆಲಸ. ಈಗ ಮೂಸಲು ಏನೂ ಇರಲಿಲ್ಲ. ಹೀಗಾಗಿ ಎಲ್ಲವನ್ನೂ ಮೂಸುತ್ತಿದ್ದರು. ಪಕ್ಕದ ಮನೆಯವರು ಎಣ್ಣೆ ಬದಲಿಸಿದ್ದು, ಮಗ ಕೆಲಸದಿಂದ ಬರುವಾಗ ಯಾವ ಲಿಫ್ಟಿಗೆ ಗ್ರೀಸು ಬಳಿದು ಬಂದನೆಂಬುದು, ಎಲ್ಲ ಅವರಿಗೆ ತಿಳಿಯುತ್ತಿತ್ತು. ಮನೆಯಲ್ಲಿ ಗುಟ್ಟು ಎಂಬುದೇ ಇರಲಿಲ್ಲ.

ಅವಳಿಗೆ ಆ ದಿನ ಸಿಟ್ಟು ಬಂದದ್ದಕ್ಕೆ ಬೇರೆ ಕಾರಣವೂ ಇತ್ತು. ಹಿಂದಿನ ಗುರುವಾರವಷ್ಟೇ ಕೆರೆಯಲ್ಲಿ ಗುಳ್ಳೆ ಪಂಪು ಶುರುವಾಗಿತ್ತು. ಅದು ಶುರುವಾಗಿದ್ದು ಅವಳ ವರದಿಯಿಂದ.

ಮೂರು ವರ್ಷದ ಹಿಂದೆ ಬೇಸಿಗೆಯಲ್ಲಿ ಕೆರೆಯ ಮೇಲೆ ಹಸಿರು ಕೆನೆ ಕಟ್ಟಿತ್ತು. ಅದು ನಿಂತ ನೀರನ್ನೇ ಬಯಸುವ ಪಾಚಿ. ಈಜಲು ಬಾರದು, ತೇಲಲು ಮಾತ್ರ ಗೊತ್ತು. ಆಗಲೇ ಅವಳು ಹೇಳಿದ್ದಳು: ಕೆರೆಯ ತಳದಲ್ಲಿ ತೂತು ಕೊರೆದ ಉದ್ದನೆಯ ಪೈಪು ಹಾಕಿ, ಅದರಲ್ಲಿ ಗಾಳಿ ಊದಿ, ನೀರನ್ನು ಕಲಕುತ್ತಿದ್ದರೆ ಇದು ಬೆಳೆಯುವುದಿಲ್ಲ. ಕಾಗದ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಮೂರು ಬೇಸಿಗೆ ಕಳೆದವು. ಪೈಪು ಬಂತು, ಗಾಳಿ ತುಂಬುವ ಯಂತ್ರವೂ ಬಂತು. ಆ ಹೊತ್ತಿಗೆ ಹಸಿರು ಕೆನೆಯ ಸುಳಿವೇ ಇರಲಿಲ್ಲ. ಬದಲಿಗೆ ಮೇಲಿನ ನೀರಿಗೆ ತೆಳು ಚಹಾದ ಬಣ್ಣ ಬಂದಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಂದು ಬಣ್ಣದ, ಎರಡು ಬಾಲದ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು ಸರಬರ ಓಡಾಡುತ್ತಿದ್ದವು. ಇದೂ ಪಾಚಿಯೇ. ಯಂತ್ರ ಬಂದಾಗಿದೆ, ಪಾಚಿ ಬಂದಾಗಿದೆ, ಹಾಕಿದರಾಯಿತು ಎಂದುಕೊಂಡಳು. ವರದಿಯಲ್ಲಿ ಒಂದೇ ಸಾಲು ಸೇರಿಸಿದಳು: "ನೀರನ್ನು ಕಲಕುವುದರಿಂದ ಪಾಚಿಯ ಹಾವಳಿ ಕಡಿಮೆಯಾಗುತ್ತದೆ." ಯಾವ ಪಾಚಿ ಎಂದು ಬರೆಯಲಿಲ್ಲ. ಯಾರೂ ಕೇಳಲೂ ಇಲ್ಲ.

ಶನಿವಾರದ ಹೊತ್ತಿಗೆ ಮಾವನ ಮೀನು ಊರಿಗೆ ಬಂತು.

ಫೋನು ಬೆಳಿಗ್ಗೆ ಏಳಕ್ಕೆ ಶುರುವಾದರೆ ಕೆಳಗಿಟ್ಟು ಕೈ ತೆಗೆಯುವ ಮೊದಲೇ ಮತ್ತೆ ಬಡಿದುಕೊಳ್ಳುತ್ತಿತ್ತು. "ನಿಮ್ಮ ಟ್ಯಾಂಕಿನಲ್ಲಿ ಏನು ತೊಳೆದಿದ್ದೀರಿ?" ಎಂದು ಒಬ್ಬ ಕ್ಷೌರಿಕ ಕೇಳಿದ. ಗಿರಾಕಿಯ ಮುಖಕ್ಕೆ ನೀರು ಚಿಮುಕಿಸಿದರೆ ಗಿರಾಕಿ ಎದ್ದು ಹೋಗುತ್ತಿದ್ದಾನಂತೆ. ಒಬ್ಬ ಅಜ್ಜಿ ಬೈಯಲಿಲ್ಲ, ಮೆಲ್ಲಗೆ ಹೇಳಿದಳು: "ಏನೂ ಇಲ್ಲಮ್ಮ, ನಮ್ಮ ಬೆಕ್ಕು ಬೆಳಿಗ್ಗೆಯಿಂದ ನಲ್ಲಿ ಕೆಳಗೆ ಕೂತುಬಿಟ್ಟಿದೆ. ಏಳ್ತಾ ಇಲ್ಲ. ಅದಕ್ಕೆ ಏನು ಹೇಳಲಿ?"

ಕಚೇರಿಯಲ್ಲಿ ಅವಳನ್ನು ಎಲ್ಲರೂ ಬಾಟಲಿ ಮೇಡಂ ಎನ್ನುತ್ತಿದ್ದರು, ಕೈಯಲ್ಲಿ ಬಾಟಲಿ ಇಲ್ಲದೆ ಅವಳನ್ನು ನೋಡಿದವರಿಲ್ಲ. ಇಂಜಿನಿಯರು ವರ್ಗವಾಗಿ ಬಂದು ಇನ್ನೂ ನಾಲ್ಕು ತಿಂಗಳು. "ಬಾಟಲಿ ಮೇಡಂ, ಏನು ಮಾಡೋಣ?" ಎಂದು ಕೇಳಿದರು. ಎರಡು ಕಿವಿಗೂ ಒಂದೊಂದು ಫೋನು ಹಿಡಿದ ಮನುಷ್ಯನಿಗೆ ಯೋಚಿಸಿ ಉತ್ತರ ಕೊಡುವಷ್ಟು ಪುರುಸೊತ್ತು ಅವಳಿಗೂ ಇರಲಿಲ್ಲ. ಕ್ಲೋರಿನ್ ಹೆಚ್ಚಿಸಿದರು. ವಾಸನೆ ಇನ್ನೂ ಜೋರಾಯಿತು. ಆ ಕಂದು ಜೀವಗಳು ಒಡೆದು, ಒಳಗಿದ್ದ ಮೀನು ವಾಸನೆಯ ಎಣ್ಣೆಯೆಲ್ಲ ನೀರಿಗೇ ಬಂದಿತ್ತು. "ಹಾಗಾದರೆ ಗುಳ್ಳೆ ಪಂಪಿನ ಗಾಳಿ ಜಾಸ್ತಿ ಮಾಡಿ," ಎಂದಳು. ಮಾಡಿದರು. ಭಾನುವಾರ ಇಡೀ ದಿನ ಕೆರೆಯ ನಡುವೆ ಒಂದು ಬಿಳಿ ಗೆರೆ ಕೊತಕೊತ ಕುದಿಯಿತು. ಸೋಮವಾರ ಬೆಕ್ಕಿನ ಅಜ್ಜಿ ಮತ್ತೆ ಫೋನು ಮಾಡಿದಳು. ಈಗ ಪಕ್ಕದ ಬೀದಿಯ ಬೆಕ್ಕುಗಳೂ ಬಂದಿದ್ದವು.

ಅವಳಿಗೆ ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನಿಸುತ್ತಿತ್ತು. ಊಟದ ಡಬ್ಬಿ ತೆರೆದು ಮುಚ್ಚಿದಳು. ಒಂದೇ ಬಾಟಲಿಗೆ ಎರಡು ಸಲ ಚೀಟಿ ಅಂಟಿಸಿದಳು. ನೀರು ಎತ್ತುವ ಗೋಪುರಕ್ಕೆ ಮೂರು ಗೇಟು: ಎರಡು ಮೀಟರ್ ಆಳದಲ್ಲಿ ಒಂದು, ಐದರಲ್ಲಿ ಒಂದು, ಒಂಬತ್ತರಲ್ಲಿ ಒಂದು. ಪಾಚಿ ಮೇಲಿರುತ್ತದೆ, ಬೆಳಕಿನ ಕಡೆಗೆ ಈಜುತ್ತದೆ ಎಂದು ಅವಳೇ ಕೆಳಗಿನ ಗೇಟು ತೆರೆಸಿದ್ದಳು. ಊರಿಗೆ ಹೋಗುತ್ತಿದ್ದುದು ತಳದ ನೀರು. ತಳದಲ್ಲಿ ಇರಬಾರದ್ದು ತಳದಿಂದಲೇ ಬರುತ್ತಿತ್ತು.

ಮಂಗಳವಾರ ಮಧ್ಯಾಹ್ನ ಮುಖ್ಯ ಕಚೇರಿಗೆ ಫೋನು ಮಾಡಿದಳು. "ದಯವಿಟ್ಟು ಸಾಲಿನಲ್ಲಿರಿ" ಎಂದಿತು ಒಂದು ಹೆಣ್ಣು ದನಿ, ಆಮೇಲೆ ಸಂಗೀತ. ಎದುರಿಗೆ ಬೆರಳುದ್ದದ ಚಪ್ಪಟೆ ಗಾಜಿನ ಕುಪ್ಪಿಗಳು ಎರಡು. ಬೆಳಿಗ್ಗೆ ಒಂದೇ ಬಾಟಲಿಯಿಂದ ಗಾಳಿ ಒಳಗುಳಿಯದ ಹಾಗೆ ತುಂಬಿ ಬಿರಡೆ ಹಾಕಿದ್ದವು. ಒಂದನ್ನು ಕೈಗೆತ್ತಿಕೊಂಡಳು. ಸಂಗೀತ ಮುಗಿಯಲಿಲ್ಲ. ಕುಪ್ಪಿಯನ್ನು ತಲೆಕೆಳಗು ಮಾಡಿದಳು, ನೆಟ್ಟಗೆ ಮಾಡಿದಳು, ಮತ್ತೆ ತಲೆಕೆಳಗು. ಬಸ್ಸಿಗೆ ಕಾಯುವವರು ಬೀಗದ ಕೈ ತಿರುಗಿಸುವಂತೆ. ತಾನು ಹಾಗೆ ಮಾಡುತ್ತಿದ್ದೇನೆ ಎಂಬ ಅರಿವೂ ಇಲ್ಲ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ ಫೋನು ತಾನಾಗಿಯೇ ಕಡಿದುಹೋಯಿತು. ಅವಳು ಕುಪ್ಪಿಯನ್ನು ಸ್ಟ್ಯಾಂಡಿನಲ್ಲಿ ಇನ್ನೊಂದರ ಪಕ್ಕಕ್ಕಿಟ್ಟು, ಮುಖ ತೊಳೆದು, ನಾಲ್ಕು ಜನರಿಗೆ ಉತ್ತರ ಕೊಟ್ಟು ಬರುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು.

ಮುಟ್ಟದೆ ಇಟ್ಟ ಕುಪ್ಪಿಯಲ್ಲಿ, ಬಿರಡೆಯ ಕೆಳಗೆ, ಒಂದು ಕಂದು ಗೆರೆ. ಎಲ್ಲವೂ ಮೇಲಕ್ಕೆ ಈಜಿ ಅಲ್ಲಿ ಗುಂಪುಗೂಡಿದ್ದವು. ಯಾವಾಗಲೂ ಹಾಗೆಯೇ.

ಕೈಯಲ್ಲಿ ತಿರುಗಿದ್ದ ಕುಪ್ಪಿಯಲ್ಲಿ ಎರಡು ಗೆರೆ. ಒಂದು ಮೇಲೆ, ಇನ್ನೊಂದು ತಳದಲ್ಲಿ. ನಡುವೆ ನೀರು ತಿಳಿಯಾಗಿತ್ತು.

ಸತ್ತವು ತಳ ಸೇರಿವೆ ಎಂದುಕೊಂಡಳು. ಸಣ್ಣ ನಳಿಗೆ ಇಳಿಸಿ ತಳದಿಂದ ಒಂದು ಹನಿ ಎತ್ತಿ ಗಾಜಿನ ಪಟ್ಟಿಯ ಮೇಲಿಟ್ಟು ಕಣ್ಣು ಹಚ್ಚಿದಳು. ಸತ್ತಿರಲಿಲ್ಲ. ಬಾಲ ಬೀಸುತ್ತ ಜೋರಾಗಿಯೇ ಓಡಾಡುತ್ತಿದ್ದವು. ಮೇಲಿನವುಗಳ ಪಕ್ಕದಲ್ಲಿಟ್ಟು ನೋಡಿದರೆ ಆಕಾರದಲ್ಲಿ ಒಂದಿಷ್ಟು ವ್ಯತ್ಯಾಸ ಕಂಡಂತಾಯಿತು. ಮೇಲಿನವು ಒಂದು ಕಡೆ ಸೊಟ್ಟ, ಇವು ಮೊಟ್ಟೆಯಂತೆ ಗುಂಡು. ಇರಬಹುದು, ಕಣ್ಣು ದಣಿದಿದ್ದೂ ಇರಬಹುದು. ಆದರೆ ಗೆರೆ ಎರಡು ಎಂಬುದರಲ್ಲಿ ಸಂಶಯವಿರಲಿಲ್ಲ. ಅವು ಬಿದ್ದಿರಲಿಲ್ಲ. ಈಜಿಕೊಂಡು ಕೆಳಗೆ ಹೋಗಿದ್ದವು.

ಗೋಪುರದ ಚಕ್ರ ತಿರುಗಿಸುವ ಗೇಟಣ್ಣ ರಿಜಿಸ್ಟರಿಗೆ ಸಹಿ ಹಾಕಲು ಬಂದಿದ್ದ. ಅವನ ಕೈಗೆ ಒಂದು ಹೊಸ ಕುಪ್ಪಿ ಕೊಟ್ಟಳು. "ಅಣ್ಣ, ಇದನ್ನ ಹೀಗೆ ತಿರುಗಿಸ್ತಾ ಇರು. ಗಟ್ಟಿಯಾಗಿ ಕುಲುಕಬೇಡ. ಬರೀ ತಲೆಕೆಳಗು, ನೆಟ್ಟಗೆ, ತಲೆಕೆಳಗು, ನೆಟ್ಟಗೆ."

"ಎಷ್ಟು ಹೊತ್ತು ಅಕ್ಕ?"

"ಇಪ್ಪತ್ತು ನಿಮಿಷ."

"ಔಷಧಿನಾ?"

"ನನಗೆ," ಅಂದಳು ಅವಳು.

ಸಂಜೆಯೊಳಗೆ ನಾಲ್ಕು ಸಲ ಮಾಡಿದರು. ನಾಲ್ಕು ಸಲವೂ ತಿರುಗಿಸಿದ ಕುಪ್ಪಿಯಲ್ಲಿ ಎರಡು ಗೆರೆ, ಸುಮ್ಮನಿಟ್ಟದ್ದರಲ್ಲಿ ಒಂದು. ಕಿಟಕಿಯಾಚೆ ಗುಳ್ಳೆ ಪಂಪು ಕೆರೆಯನ್ನು ಕಲಕುತ್ತಿತ್ತು. ಅಲ್ಲಿ ಕೋಟಿ ಕೋಟಿ ಜೀವಗಳು ಸುಳಿಯಲ್ಲಿ ಸಿಕ್ಕಿ ತಲೆಕೆಳಗಾಗುತ್ತಿದ್ದವು, ನೆಟ್ಟಗಾಗುತ್ತಿದ್ದವು, ಮತ್ತೆ ತಲೆಕೆಳಗಾಗುತ್ತಿದ್ದವು. ಅವುಗಳಲ್ಲಿ ಅರ್ಧ ಬೇಸತ್ತು ದಿಕ್ಕು ಬದಲಿಸಿ, ಗಲಾಟೆಯಿಲ್ಲದ ತಳಕ್ಕೆ, ಅವಳು ತೆರೆಸಿಟ್ಟ ಗೇಟಿನ ಬಾಯಿಗೇ ಬರುತ್ತಿದ್ದವು.

ಆ ದಿನ ಅವಳು ಇಂಜಿನಿಯರಿಗೆ ಹೇಳಲಿಲ್ಲ. ಹೇಳಬೇಕೆಂದು ಅವರ ಬಾಗಿಲ ತನಕ ಎರಡು ಸಲ ಹೋದಳು. ಎರಡನೆಯ ಸಲ ಅವರೇ ತಲೆಯೆತ್ತಿ "ಏನು ಮೇಡಂ?" ಅಂದಾಗ, "ಏನಿಲ್ಲ ಸರ್, ನಾಳೆ ಕ್ಲೋರಿನ್ ಸಿಲಿಂಡರ್ ಬರುತ್ತೆ" ಎಂದು ಬಂದುಬಿಟ್ಟಳು.

ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಗಂಡ ಒಂದು ತುತ್ತು ತಿಂದು ಸುಮ್ಮನೆ ಮೊಸರು ಬಡಿಸಿಕೊಂಡ. ಊಟವಾದ ಮೇಲೆ ಅವಳು ತಟ್ಟೆ ತೊಳೆಯುತ್ತಿದ್ದಳು, ಮಾವ ಅಡುಗೆಮನೆಯ ಕಡೆಯ ಹದಿನಾಲ್ಕನೆಯ ಹೆಜ್ಜೆಗೆ ಬಂದು ನಿಂತರು, ಹಿಂತಿರುಗಲಿಲ್ಲ.

"ಗೊತ್ತಾಯ್ತಾ, ಎಲ್ಲಿಂದ ಅಂತ?"

ಅವಳು ನಲ್ಲಿ ನಿಲ್ಲಿಸಿದಳು. "ಗೊತ್ತಾಯ್ತು ಮಾವ. ನನ್ನಿಂದ."

ಎಲ್ಲವನ್ನೂ ಹೇಳಿದಳು. ಕುಪ್ಪಿ, ಗೆರೆ, ವರದಿಯ ಆ ಒಂದು ಸಾಲು. ಕೊನೆಗೆ ಮಾವ, "ತಲೆಕೆಳಗಾದ ಮೇಲೆ ಮೇಲೆ ಯಾವುದು ಅಂತ ಮರೆತುಹೋಗುತ್ತಾ ಅವಕ್ಕೆ?" ಎಂದು ಕೇಳಿದರು.

"ಮರೆಯೋದಲ್ಲ. ಮರೆತಿದ್ರೆ ದಿಕ್ಕಾಪಾಲಾಗಿ ಹೋಗ್ತಿದ್ವು. ಇವು ನೆಟ್ಟಗೆ ಕೆಳಗೆ ಹೋಗ್ತವೆ. ಅಪಾಯ ಅಂತ ತಿಳಿದು ಜಾಗ ಬಿಡ್ತವೇನೋ. ಅರ್ಧ ಹೋಗ್ತವೆ, ಅರ್ಧ ಅಲ್ಲೇ ಇರ್ತವೆ. ಯಾಕೆ ಅರ್ಧ ಅಂತ ನನಗೆ ಗೊತ್ತಿಲ್ಲ."

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

ಮಾವ ಬಾಗಿಲ ಚೌಕಟ್ಟಿಗೆ ಒರಗಿದರು. "ನನಗೆ ಒಂದು ಸಲ ನೆಗಡಿ ಆಗಿತ್ತು. ರಜೆ ಹಾಕಲಿಲ್ಲ. ಆರನೇ ಹಂಡೆ ಪಾಕ ಮೂಸಿ ಸರಿ ಅಂದುಬಿಟ್ಟೆ. ಮೂರು ದಿನ ಬಿಟ್ಟು ಮೂಗು ತೆರೀತು. ಗೋದಾಮಿಗೆ ಹೋದ್ರೆ ಹಳೇ ಎಣ್ಣೆ ಕಮಟು ವಾಸನೆ. ಆ ಹೊತ್ತಿಗೆ ಅರ್ಧ ಮಾಲು ಲಾರಿ ಹತ್ತಿತ್ತು. ನಾನು ಬಾಯಿ ಬಿಡಲಿಲ್ಲ."

"ಸಿಕ್ಕಿಬಿದ್ರಾ?"

"ಇಲ್ಲ. ಅದೇ ಕಷ್ಟ. ಸಿಕ್ಕಿಬಿದ್ದಿದ್ರೆ ಬೈಸಿಕೊಂಡು ಮುಗೀತಿತ್ತು. ಎಲ್ಲಿ ಯಾರ ಮನೆಗೆ ಹೋದ್ರೂ ಮೊದಲು ಬಚ್ಚಲಿಗೆ ಹೋಗಿ ಅವರ ಸೋಪು ಮೂಸ್ತಿದ್ದೆ. ನಿಮ್ಮತ್ತೆ ನನಗೆ ಹೊಟ್ಟೆ ಕೆಟ್ಟಿದೆ ಅಂತಲೇ ತಿಳಿದಿದ್ಳು."

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮಾವ ಅದನ್ನು ನೋಡದವರಂತೆ ಬಾಗಿಲ ಕಡೆಗೆ ನಡೆದರು.

ಬುಧವಾರ ಬೆಳಿಗ್ಗೆ ಇಂಜಿನಿಯರ ಮೇಜಿನ ಮೇಲೆ ಎರಡು ಕುಪ್ಪಿಗಳನ್ನಿಟ್ಟು, ಕೂರದೆ ನಿಂತೇ ಹೇಳಿದಳು. ಅವರು ಒಂದು ಫೋನನ್ನು ಕೆಳಗಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದನ್ನೂ ಇಟ್ಟರು.

"ಕಲಕಿ ಅಂದಿದ್ದು ನೀವೇ ಅಲ್ವಾ?"

"ನಾನೇ ಸರ್."

"ಗಾಳಿ ಜಾಸ್ತಿ ಮಾಡಿ ಅಂದಿದ್ದು?"

"ಅದೂ ನಾನೇ."

ಅವರು ಕುಪ್ಪಿಯನ್ನು ಬೆಳಕಿಗೆ ಹಿಡಿದರು. "ನೋಡಿ ಮೇಡಂ, ನೀರಲ್ಲಿ ಸಕ್ಕರೆ ಹಾಕಿ ಕಲಕಿದ್ರೆ ಎಲ್ಲ ಕಡೆ ಸಿಹಿ ಆಗುತ್ತೆ. ತಳದಲ್ಲೂ ಆಗುತ್ತೆ. ಅಷ್ಟೇ ಇರಬಹುದಲ್ಲ? ಅದಕ್ಕೆ ಈಜು, ದಿಕ್ಕು, ಇದೆಲ್ಲ ಯಾಕೆ?"

"ಸಕ್ಕರೆ ಆಗಿದ್ರೆ ಎಲ್ಲ ಕಡೆ ಒಂದೇ ಸಮ ಇರಬೇಕು ಸರ್. ನಡುವೆ ಕಡಿಮೆ, ತಳದಲ್ಲಿ ಜಾಸ್ತಿ ಇದ್ರೆ ಅದು ಸಕ್ಕರೆ ಅಲ್ಲ. ತಾನಾಗೇ ಹೋಗಿದೆ ಅಂತ ಅರ್ಥ."

"ಕುಪ್ಪಿಯಲ್ಲಿ ಹಾಗಿದೆ. ನನಗೆ ಕುಪ್ಪಿ ಬೇಡ, ಕೆರೆ ಬೇಕು. ಇದರಿಂದಲೇ ವಾಸನೆ ಅನ್ನೋದಕ್ಕೂ ಆಧಾರ ಬೇಕು. ಪೈಪಿನ ತುಕ್ಕು ಅಂತ ಮೇಲಿನವರು ಆಗಲೇ ಮಾತಾಡ್ತಿದ್ದಾರೆ. ವಾಸನೆ ಅಳೆಯೋ ಯಂತ್ರ ಇಲ್ಲಿಲ್ಲ. ಬೇರೆ ಊರಿಗೆ ಕಳಿಸಿದ್ರೆ ಎಂಟು ದಿನ. ನಾಳೆಯೊಳಗೆ ಏನಾದ್ರೂ ಇದ್ರೆ ಹೇಳಿ, ಪಂಪು ನಿಲ್ಲಿಸೋ ಕಾಗದಕ್ಕೆ ಸಹಿ ಹಾಕ್ತೀನಿ."

"ಯಂತ್ರ ಇಲ್ಲ ಸರ್," ಅಂದಳು ಅವಳು. "ಮಾವ ಇದ್ದಾರೆ."

ಗುರುವಾರ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಆ ದಿನ ಬೆಳಿಗ್ಗೆ ಸ್ನಾನಕ್ಕೆ ಸೋಪು ಮುಟ್ಟಿರಲಿಲ್ಲ, ಚಹಾ ಕುಡಿದಿರಲಿಲ್ಲ. ಅವರನ್ನು ಪರೀಕ್ಷಾ ಕೊಠಡಿಯ ಸ್ಟೂಲಿನ ಮೇಲೆ ಕೂರಿಸಿ ಅವಳೂ ಗೇಟಣ್ಣನೂ ದೋಣಿ ಇಳಿಸಿದರು. ಬಿಸಿಲು ನೆತ್ತಿಗೆ ಬಂದಿತ್ತು. ಗುಳ್ಳೆಗಳ ಬಿಳಿ ಗೆರೆಯ ಹತ್ತಿರ ದೋಣಿ ನೆಟ್ಟಗೆ ನಿಲ್ಲಲಿಲ್ಲ; ಒಂದು ಸಲ ಗೋಪುರದ ಕಡೆಗೆ, ಒಂದು ಸಲ ದಡದ ಕಡೆಗೆ ಮೂತಿ ತಿರುಗಿಸುತ್ತಿತ್ತು. ಗೇಟಣ್ಣ ಹುಟ್ಟು ಒತ್ತಿ ಹಿಡಿದ. ಅವಳು ತೂಕ ಕಟ್ಟಿದ ಬಾಟಲಿಯನ್ನು ಗಂಟು ಹಾಕಿದ ಹಗ್ಗದಲ್ಲಿ ಇಳಿಸುವಳು, ಒಂದು ಗಂಟಿಗೆ ಒಂದು ಮೀಟರು. ಬೇಕಾದ ಆಳದಲ್ಲಿ ಇನ್ನೊಂದು ದಾರ ಜಗ್ಗಿ ಬಿರಡೆ ಬಿಚ್ಚುವಳು, ತುಂಬಿದ ಮೇಲೆ ಎತ್ತುವಳು. ಒಂದರಿಂದ ಹತ್ತು ಮೀಟರಿನ ತನಕ ಹತ್ತು ಬಾಟಲಿ. ಎರಡು ಮತ್ತು ಒಂಬತ್ತು ಮೀಟರಿನಿಂದ ಇನ್ನೊಂದೊಂದು. ದಡಕ್ಕೆ ಬಂದ ಮೇಲೆ ಶುದ್ಧ ಮಾಡಿದ ನೀರಿನದೊಂದು ಬಾಟಲಿ ಸೇರಿಸಿ ಒಟ್ಟು ಹದಿಮೂರು. ಗೇಟಣ್ಣ ಅವನ್ನು ಹೊರಗೆ ಒಯ್ದು, ತನಗೆ ತೋಚಿದ ಹಾಗೆ ಹೊಸ ನಂಬರು ಬರೆದು, ಯಾವುದು ಯಾವುದೆಂಬ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದ. ಅವಳಿಗೂ ಗೊತ್ತಿರಲಿಲ್ಲ.

ಪ್ರತಿ ಬಾಟಲಿಯಿಂದ ಸ್ವಲ್ಪ ನೀರನ್ನು ಬಾಯಿ ಕಿರಿದಾದ ಗಾಜಿನ ಬುರುಡೆಗೆ ಹಾಕಿ, ಸ್ನಾನದ ನೀರಿನಷ್ಟು ಬಿಸಿ ಮಾಡಿ, ಮುಚ್ಚಿ, ಒಂದು ಸುತ್ತು ಆಡಿಸಿ ಕೊಟ್ಟಳು. ಮಾವ ಮುಚ್ಚಳ ತೆಗೆದು ಒಂದೇ ಉಸಿರು ಎಳೆಯುವರು, ಮುಚ್ಚುವರು. ಎರಡು ಬಾಟಲಿಯ ನಡುವೆ ತಮ್ಮ ಮೊಣಕೈಯ ಒಳಮಗ್ಗುಲನ್ನು ಮೂಸಿಕೊಳ್ಳುವರು.

"ಅದ್ಯಾಕೆ ಸ್ವಾಮಿ?" ಎಂದು ಇಂಜಿನಿಯರು ಕೇಳಿದರು. ಅವರು ಬಂದು ಬಾಗಿಲಲ್ಲಿ ನಿಂತಿದ್ದರು.

"ಸ್ಲೇಟು ಒರೆಸೋದು. ನೀವು ಯಾವ ಎಣ್ಣೆ ಹಾಕ್ತೀರೋ ಅದು ಇಲ್ಲಿ ತನಕ ಬರ್ತಾ ಇದೆ. ಎರಡು ಹೆಜ್ಜೆ ಹಿಂದೆ ಹೋಗಿ."

ಇಂಜಿನಿಯರು ಹೊರಗೇ ಹೋಗಿ ಕಿಟಕಿಯಿಂದ ನೋಡಿದರು.

ಎರಡು ವರ್ಷದಲ್ಲಿ ಮಾವ ಒಂದೇ ಜಾಗದಲ್ಲಿ ಒಂದು ಗಂಟೆ ಕೂತದ್ದನ್ನು ಅವಳು ನೋಡಿದ್ದು ಅದೇ ಮೊದಲು. ಕಾಲು ಅಲುಗುತ್ತಿರಲಿಲ್ಲ. ಅವಳ ಕಾಲೇ ಮೇಜಿನ ಕೆಳಗೆ ಕುಣಿಯುತ್ತಿತ್ತು. ಮಾವ ಬಾಟಲಿಗಳನ್ನು ಅತ್ತಿತ್ತ ಸರಿಸಿ ಸಾಲು ಮಾಡಿದರು. ಒಂದನ್ನು ಮಾತ್ರ ದೂರ ತಳ್ಳಿದರು. "ಇದು ಕೆರೆ ನೀರಲ್ಲ. ಇದರಲ್ಲಿ ಏನೂ ಇಲ್ಲ. ನನ್ನನ್ನ ಪರೀಕ್ಷೆ ಮಾಡೋಕೆ ಇಟ್ಟಿದ್ದೀರ."

ಗೇಟಣ್ಣ ತಲೆ ಕೆರೆದುಕೊಂಡ.

"ಈ ನಾಲ್ಕು ಕೆಟ್ಟದ್ದು. ಇದರಲ್ಲಿ ಈ ಎರಡು ಅಣ್ಣತಮ್ಮ, ಒಂದೇ ಮನೆಯವು. ಇವು ಮೂರು ಪರವಾಗಿಲ್ಲ, ಕುಡೀಬಹುದು. ಉಳಿದವು ಅಷ್ಟಕ್ಕಷ್ಟೇ."

ಚೀಟಿ ಬಿಚ್ಚಿದರು. ಕೆಟ್ಟ ನಾಲ್ಕು ಎಂಟು, ಒಂಬತ್ತು, ಹತ್ತು ಮೀಟರಿನವು. ಅಣ್ಣತಮ್ಮ ಎರಡೂ ಒಂಬತ್ತರವು. ಪರವಾಗಿಲ್ಲ ಎಂದದ್ದು ಐದು, ಆರು ಮತ್ತು ಏಳರವು. ಸಂಜೆಯ ತನಕ ಕೂತು ಅವಳು ಒಂದೊಂದರಲ್ಲೂ ಜೀವಗಳನ್ನು ಎಣಿಸಿದಳು. ಮಿಲಿಲೀಟರಿಗೆ ಒಂಬತ್ತು ಮೀಟರಿನಲ್ಲಿ ಎರಡು ಸಾವಿರದ ನೂರು; ಐದರಲ್ಲಿ ಆರುನೂರು. ಸಕ್ಕರೆ ಹಾಗೆ ಕರಗುವುದಿಲ್ಲ. ಮೂರು ಮೀಟರಿನ ಬಾಟಲಿಯೊಂದರಲ್ಲಿ ಮಾತ್ರ ಮಾವನ ಮೂಗಿಗೂ ಅವಳ ಲೆಕ್ಕಕ್ಕೂ ಹೊಂದಲಿಲ್ಲ. "ನಿನ್ನ ಎಣಿಕೆ ತಪ್ಪು," ಅಂದರು ಮಾವ. ಅವಳು ಮತ್ತೆ ಎಣಿಸಿದಳು, ಮೊದಲಿನಷ್ಟೇ ಬಂತು. "ಹಾಗಾದ್ರೆ ಇದೆ ಏನೋ, ನಿನಗೆ ಕಾಣದೇ ಇರೋದು," ಎಂದು ಅವರು ಪಟ್ಟು ಬಿಡಲಿಲ್ಲ. ಹೊಂದಲಿಲ್ಲ ಎಂದೇ ಬರೆದಳು.

ಇಂಜಿನಿಯರು ಆ ಸಂಜೆಯೇ ಸಹಿ ಹಾಕಿದರು. ಐದೂವರೆಗೆ ಯಂತ್ರ ನಿಂತಿತು. ಎರಡು ವಾರದಿಂದ ಕಿವಿಯಲ್ಲಿ ಕೂತಿದ್ದ ಸದ್ದು ಹೋದಾಗ ನೆಮ್ಮದಿ ಬರಬೇಕಿತ್ತು. ಅವಳಿಗೆ ಏನೋ ಮರೆತು ಬಂದ ಹಾಗೆ ಕಳವಳ. ಬಿಳಿ ಗೆರೆ ಸಣ್ಣದಾಗಿ, ತುಂಡು ತುಂಡಾಗಿ, ಇಲ್ಲವಾಯಿತು. ನಿಲ್ಲಿಸಿದ್ದೂ ತಪ್ಪಾದರೆ? ಮತ್ತೊಂದು ಸಲ ಹೇಳಿದ ಮಾತು ತಿರುಗುಮುರುಗಾದರೆ ಯಾವ ಮುಖ ಹೊತ್ತು ಆ ಬಾಗಿಲಿಗೆ ಹೋಗುವುದು?

ಶುಕ್ರವಾರ ಬೆಳಿಗ್ಗೆ ಆರಕ್ಕೇ ದೋಣಿ ಇಳಿಸಿದಳು. ತಳದ ನೀರಲ್ಲಿ ಎಣಿಕೆ ಇಳಿದೇ ಇರಲಿಲ್ಲ. ಮಧ್ಯಾಹ್ನ ಮತ್ತೆ ಹೋದಳು. ತಳದಲ್ಲಿ ನೂರೆಂಬತ್ತು. ಮೇಲೆ, ಒಂದು ಮೀಟರಿನಲ್ಲಿ, ಲೆಕ್ಕ ಹಾಕಲಾರದಷ್ಟು. ಶನಿವಾರವೂ ಬೆಳಿಗ್ಗೆ ಕೆಳಗೆ, ಮಧ್ಯಾಹ್ನ ಮೇಲೆ. ಆಗ ಅರ್ಥವಾಯಿತು: ನೀರು ನಿಂತಿದ್ದರೆ ಇವು ಹಗಲು ಬೆಳಕಿಗೆ ಮೇಲೇರುತ್ತವೆ, ಕತ್ತಲಾದರೆ ತಳಕ್ಕೆ ಇಳಿಯುತ್ತವೆ. ಕಲಕದೇ ಬಿಟ್ಟರೆ ಅವುಗಳದ್ದು ಗಡಿಯಾರದಂಥ ಓಡಾಟ. ಅದನ್ನು ತಡೆಯುವ ಬದಲು ಅದರ ಸಮಯ ನೋಡಿ ಗೇಟು ತೆರೆದರೆ ಸಾಕು.

"ಹತ್ತರಿಂದ ನಾಲ್ಕರ ತನಕ ಕೆಳಗಿನ ಗೇಟು. ಅಷ್ಟರಲ್ಲಿ ಟ್ಯಾಂಕು ತುಂಬಿಸಿಕೊಳ್ಳಬೇಕು. ಆಮೇಲೆ ಮುಚ್ಚಿಬಿಡಬೇಕು," ಎಂದಳು.

"ಒಂದು ಗೇಟಿಗೆ ನೂರಾ ನಲವತ್ತು ಸುತ್ತು ಅಕ್ಕ," ಎಂದ ಗೇಟಣ್ಣ. "ದಿನಕ್ಕೆ ಎರಡು ಸಲ. ನನ್ನ ಭುಜದ ಕಡೆಯಿಂದ ಯಾರು ಮಾತಾಡ್ತಾರೆ?"

"ನಾನೂ ಬಂದು ತಿರುಗಿಸ್ತೀನಿ."

ನಿಜವಾಗಿಯೂ ಹೋದಳು. ಮೊದಲ ದಿನ ನಲವತ್ತು ಸುತ್ತಿಗೆ ಅಂಗೈ ಕೆಂಪಾಯಿತು.

ಪೈಪುಗಳಲ್ಲಿ ಹಳೆಯ ನೀರು ತೊಳೆದುಹೋಗಲು ಆರು ದಿನ ಬೇಕಾಯಿತು. ಫೋನುಗಳು ಒಂದೊಂದಾಗಿ ತಣ್ಣಗಾದವು. ಕ್ಷೌರಿಕ ಮಾತ್ರ ರೂಢಿಯಿಂದ ಇನ್ನೊಂದು ವಾರ ಬೈದ. ಮಾವ ಯಾವ ದಿನದಿಂದ ಮತ್ತೆ ಮನೆಯ ನೀರು ಕುಡಿಯತೊಡಗಿದರು ಎಂಬುದನ್ನು ಅವಳು ಗಮನಿಸಲಿಲ್ಲ. ಆ ದಿನಗಳಲ್ಲಿ ಅವಳು ಮನೆಯಲ್ಲಿ ಇರುತ್ತಿದ್ದುದೇ ಕಡಿಮೆ.

ಮೇಲಿನಿಂದ ನೋಟಿಸು ಬಂತು. ಸರಿಯಾದ ಅಧ್ಯಯನವಿಲ್ಲದೆ ಸಲಹೆ ನೀಡಿದ್ದಕ್ಕೆ ಕಾರಣ ತಿಳಿಸಿ ಎಂದು. ಇಂಜಿನಿಯರು ಅದನ್ನು ಲಕೋಟೆಯಲ್ಲಿ ಕಳಿಸದೆ ತಾವೇ ತಂದು ಕೊಟ್ಟರು. "ಸಹಿ ನನ್ನದೂ ಇತ್ತು ಅಂತ ಬರೀರಿ," ಅಂದರು. ಅವಳು ನಾಲ್ಕು ಪುಟ ಬರೆದಳು. ಮೊದಲ ಸಾಲಿನಲ್ಲೇ ತನ್ನ ತಪ್ಪನ್ನಿಟ್ಟಳು: ತೇಲುವ ಪಾಚಿಗೂ ಈಜುವ ಪಾಚಿಗೂ ವ್ಯತ್ಯಾಸ ಮಾಡಲಿಲ್ಲ. ಉತ್ತರವಾಗಿ ಒಂದು ಎಚ್ಚರಿಕೆಯ ಕಾಗದ ಬಂದು ಅವಳ ಕಡತ ಸೇರಿತು. ಬಡ್ತಿಗೆ ಅದು ಅಡ್ಡ ಬರುತ್ತದೆ ಎಂದು ಗುಮಾಸ್ತ ಪಿಸುಗುಟ್ಟಿದ. ಬರಲಿ ಅನ್ನುವಷ್ಟು ದೊಡ್ಡ ಮನಸ್ಸು ಅವಳದಾಗಿರಲಿಲ್ಲ. ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಆದರೆ ಜನರ ಬಚ್ಚಲಿಗೆ ಹೋಗಿ ಸೋಪು ಮೂಸುವ ಗತಿ ತನಗೆ ಬರಲಿಲ್ಲ ಎಂದು ಗಂಡನಿಗೆ ಹೇಳಿದಾಗ ಅವನಿಗೆ ತಲೆಬುಡ ತಿಳಿಯಲಿಲ್ಲ. ಅಪ್ಪನನ್ನೇ ಕೇಳು ಎಂದಳು.

ಆಮೇಲೆ ಮೂರು ವಾರ ಎಲ್ಲ ಸುಗಮವಾಗಿತ್ತು. ನಾಲ್ಕನೆಯ ವಾರ ಹವೆ ಬದಲಾಗಿ ಗಾಳಿ ಎದ್ದಿತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗೇಟಣ್ಣನ ಫೋನು ಬಂತು. ಗಾಳಿಯ ಸದ್ದಿನಲ್ಲಿ ಅವನ ಮಾತು ಹರಿದು ಹರಿದು ಕೇಳುತ್ತಿತ್ತು. "ಅಕ್ಕ, ಪಂಪು ನಿಂತೇ ಇದೆ. ಕೆರೆ ತಾನಾಗೇ ಕಲಕ್ತಾ ಇದೆ. ಅಲೆ ಗೋಪುರದ ಮೆಟ್ಟಿಲು ಹತ್ತಿದೆ. ಇದಕ್ಕೆ ಸಹಿ ಯಾರದ್ದು ಹಾಕಿಸೋಣ?"

ಅವಳು ಅರ್ಧ ತಿಂಡಿಯಲ್ಲೇ ಎದ್ದಳು. ಬೂಟು ಹಾಕಿಕೊಳ್ಳುವಾಗ ಮಾವ ಆಗಲೇ ಬಾಗಿಲಲ್ಲಿ ಕೋಟು ತೊಟ್ಟು ನಿಂತಿದ್ದರು.

"ದೋಣಿ ಇಳಿಸೋಕಾಗಲ್ಲ ಮಾವ, ಇಂಥ ಗಾಳೀಲಿ."

"ದೋಣಿ ಯಾಕೆ? ಗೋಪುರಕ್ಕೆ ಸೇತುವೆ ಇದೆಯಲ್ಲ."

ಕಬ್ಬಿಣದ ಸೇತುವೆ ಕಾಲಡಿ ನಡುಗುತ್ತಿತ್ತು. ಮೂವರೂ ಕಂಬಿ ಹಿಡಿದು ಗೋಪುರ ಸೇರಿದರು. ಕೆಳಗೆ ಕೆರೆ ಬೂದು ಬಣ್ಣಕ್ಕೆ ತಿರುಗಿ, ಎಲ್ಲೆಂದರಲ್ಲಿ ಬಿಳಿ ನೊರೆ ಒಡೆಯುತ್ತಿತ್ತು. ಎಷ್ಟು ಜೀವಗಳು ಈ ಕ್ಷಣದಲ್ಲಿ ಮಗುಚಿ ಬೀಳುತ್ತಿವೆಯೋ, ಅವುಗಳಲ್ಲಿ ಎಷ್ಟು ದಿಕ್ಕು ಬದಲಿಸುತ್ತಿವೆಯೋ, ಅವಳಿಗೆ ಅಂದಾಜಿರಲಿಲ್ಲ. ಇದು ಪೈಪಿನ ಗುಳ್ಳೆಯಲ್ಲ. ಯಾವಾಗ ನಿಲ್ಲುತ್ತದೆ ಎಂದು ಕೇಳಲು ಯಾರೂ ಇರಲಿಲ್ಲ. ಒಂಬತ್ತು ಮೀಟರಿಗೆ ಬಾಟಲಿ ಇಳಿಸಿ ಎತ್ತಿದಳು. ಮಾವ ಬೆನ್ನನ್ನು ಗಾಳಿಗೆ ಕೊಟ್ಟು, ಕೋಟಿನೊಳಗೆ ತಲೆ ಹುದುಗಿಸಿ ಮೂಸಿದರು.

"ಬೇಡ. ಇದು ಆಗಲೇ ಬಂದುಬಿಟ್ಟಿದೆ."

ಐದು ಮೀಟರಿನದನ್ನು ಎತ್ತಿದಳು. ಅವರು ತುಂಬ ಹೊತ್ತು ತೆಗೆದುಕೊಂಡರು. ಅವಳಿಗೆ ತಡೆಯಲಾಗಲಿಲ್ಲ. "ಹೇಳಿ ಮಾವ."

"ತಾಳು." ಇನ್ನೊಂದು ಉಸಿರು. "ಇದು ನಡೆಯುತ್ತೆ. ಈಗ ನಡೆಯುತ್ತೆ. ಮಧ್ಯಾಹ್ನದ ಮಾತು ನಾನು ಹೇಳಲಾರೆ."

ಗೇಟಣ್ಣ ಅಂಗೈಗೆ ಬಟ್ಟೆ ಸುತ್ತಿಕೊಂಡು ನಡುವಿನ ಗೇಟಿನ ಚಕ್ರಕ್ಕೆ ಕೈ ಹಾಕಿದ. ಮಾವ ಕೋಟಿನ ಗುಂಡಿ ಹಾಕಿಕೊಂಡು ಅವನ ಎದುರಿಗೆ ನಿಂತು ಚಕ್ರದ ಇನ್ನೊಂದು ಅಂಚು ಹಿಡಿದರು. ಅವಳು ಆ ಹೊತ್ತಿಗೆ, ಮಧ್ಯಾಹ್ನ ಇದೂ ಕೆಟ್ಟರೆ ಮೇಲಿನ ಗೇಟಿನ ನೀರು ಹೇಗಿದೆಯೆಂದು ನೋಡಲು, ಎರಡು ಮೀಟರಿಗೆ ಹಗ್ಗ ಬಿಡುತ್ತಿದ್ದಳು.